ಮಗಳ ಮನೆ ಫ್ರಿಜ್ಜಿನ ಬಟರ್‌ಮಿಲ್ಕ್: ಕುಡಿಯಲು ಸೊನ್ನೆ, ಪ್ಯಾನ್‌ಕೇಕಿಗೆ ನಾಲ್ಕೂವರೆ

ನಾನು ಬರೆಯುತ್ತಿರುವುದು ಒಂದು ಕಾರ್ಟನ್ ಬಟರ್‌ಮಿಲ್ಕ್ ಬಗ್ಗೆ. ಅಮೆರಿಕದ ಅಂಗಡಿಗಳಲ್ಲಿ ಹಾಲಿನ ಸಾಲಿನ ಕೊನೆಗೆ, ಯಾರೂ ಜಾಸ್ತಿ ಮುಟ್ಟದ ಮೂಲೆಯಲ್ಲಿ ಇಟ್ಟಿರುತ್ತಾರಲ್ಲ, ಅದು. 946 ಮಿಲಿ, ಅವರ ಲೆಕ್ಕದಲ್ಲಿ ಒಂದು ಕ್ವಾರ್ಟ್. ನಾಲ್ಕು ಕಪ್ ಆಗುತ್ತದೆ. ನಾನು ತಂದಾಗ ಮೂರು ಡಾಲರಿಗೆ ಸ್ವಲ್ಪ ಕಮ್ಮಿ ಇತ್ತು. ಅಂಗಡಿಯವರದೇ ಬ್ರ್ಯಾಂಡ್, ಹೆಸರು ಬೇಡ. ಆರು ತಿಂಗಳಲ್ಲಿ ಇಂಥ ಹದಿನೈದು ಕಾರ್ಟನ್ ಖಾಲಿ ಮಾಡಿದ್ದೇನೆ. ಅಷ್ಟು ಖಾಲಿ ಮಾಡಿದ ಮೇಲೆ ಎರಡು ಮಾತು ಹೇಳಬಹುದು ಅಲ್ವಾ? ಮಗಳ ಬಾಣಂತನಕ್ಕೆ ಅಂತ ಆ ಕಡೆ ಹೊರಟಿರುವ ಅಮ್ಮಂದಿರಿಗೆ ಉಪಯೋಗಕ್ಕೆ ಬಂದೀತು.

ನಾನೂ ಹಾಗೇ ಹೋದವಳು. ನವೆಂಬರಿನಲ್ಲಿ ಶಿರಸಿಯಿಂದ ಹೊರಟು ಮ್ಯಾಸಚೂಸೆಟ್ಸ್ ಮುಟ್ಟಿದೆ. ವುಸ್ಟರ್ ಪಕ್ಕದ ಶ್ರೂಸ್‌ಬರಿ. ಸೂಟ್‌ಕೇಸಿನಲ್ಲಿ ಬಾಣಂತಿ ಲೇಹ್ಯ, ಅಪ್ಪೆಮಿಡಿ ಉಪ್ಪಿನಕಾಯಿ, ಮೂರು ಪ್ಲಾಸ್ಟಿಕ್ ಸುತ್ತಿದ ಜೋನಿಬೆಲ್ಲದ ಬಾಟಲಿ. ಮಜ್ಜಿಗೆಯೊಂದನ್ನು ಒಯ್ಯುವ ಹಾಗಿರಲಿಲ್ಲ. ಊಟದ ಕೊನೆಗೆ ಮಜ್ಜಿಗೆ ಬೀಳದಿದ್ದರೆ ನನಗೆ ಕೈ ತೊಳೆಯಲು ಮನಸ್ಸು ಬರುವುದಿಲ್ಲ.

ಹೋದ ಮೂರನೇ ದಿನ ಅಳಿಯಂದಿರ ಜೊತೆ ಅಂಗಡಿಗೆ ಹೋದಾಗ ಈ ಕಾರ್ಟನ್ ಕಣ್ಣಿಗೆ ಬಿತ್ತು. ಬಟರ್‌ಮಿಲ್ಕ್ ಅಂದರೆ ಮಜ್ಜಿಗೆ. ಮೂವತ್ತೊಂದು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿದವಳು ನಾನು, ಈ ಅರ್ಥವನ್ನು ಎಷ್ಟು ಮಕ್ಕಳ ಕೈಲಿ ಬರೆಸಿದ್ದೇನೋ. ಖುಷಿಯಿಂದ ಎರಡು ಕಾರ್ಟನ್ ಎತ್ತಿಕೊಂಡೆ. ಅಳಿಯಂದಿರು ಒಮ್ಮೆ ನೋಡಿದರು. ಏನೂ ಹೇಳಲಿಲ್ಲ. ಅತ್ತೆಗೆ ಎದುರು ಹೇಳುವುದು ಹೇಗೆ ಅಂತ ಸುಮ್ಮನಾದರಂತೆ.

ಮನೆಗೆ ಬಂದು ಲೋಟಕ್ಕೆ ಬಗ್ಗಿಸಿದೆ. ಬೀಳಲಿಲ್ಲ. ಕಾರ್ಟನ್ ಅಲುಗಿಸಿ ಮತ್ತೆ ಬಗ್ಗಿಸಿದೆ. ಗಳಕ್ ಅಂತ ಒಂದು ಮುದ್ದೆ ಬಿತ್ತು. ಇರಲಿ, ಗಟ್ಟಿ ಮಜ್ಜಿಗೆ ಅಂದುಕೊಂಡು ನೀರು ಬೆರೆಸಿದೆ, ಶುಂಠಿ ಜಜ್ಜಿ ಹಾಕಿದೆ, ಉಪ್ಪು ಹಾಕಿದೆ, ಸಾಸಿವೆ ಕರಿಬೇವಿನ ಒಗ್ಗರಣೆ ಕೊಟ್ಟೆ. ಒಂದು ಗುಟುಕು ಕುಡಿದರೆ ಉಪ್ಪೋ ಉಪ್ಪು. ಕನ್ನಡಕ ಹಾಕಿಕೊಂಡು ಕಾರ್ಟನ್ ಓದಿದೆ. ಅವರೇ ಉಪ್ಪು ಹಾಕಿ ಕಳಿಸಿದ್ದಾರೆ. ಮಗಳು ಕೋಣೆಯಿಂದಲೇ ನಕ್ಕಳು. "ಆಯಿ, ಅದು ಮಜ್ಜಿಗೆ ಅಲ್ಲ. ಇಲ್ಲಿ ಯಾರೂ ಅದನ್ನ ಕುಡಿಯೋದಿಲ್ಲ."

ಆ ಮಾತು ಪೂರ್ತಿ ನಿಜವಲ್ಲ ಅಂತ ಆಮೇಲೆ ಗೊತ್ತಾಯಿತು. ದಕ್ಷಿಣದ ರಾಜ್ಯಗಳಲ್ಲಿ ಹಳಬರು ಇವತ್ತಿಗೂ ಕುಡಿಯುತ್ತಾರೆ. ಹಿಂದೆ ಅಲ್ಲಿಯೂ ಬಟರ್‌ಮಿಲ್ಕ್ ಅಂದರೆ ಬೆಣ್ಣೆ ಕಡೆದ ಮೇಲೆ ಉಳಿಯುವ ನೀರೇ. ನಮ್ಮಲ್ಲಿ ಮೊಸರು ಕಡೆಯುತ್ತೇವೆ, ಅವರಲ್ಲಿ ಕೆನೆ ಕಡೆಯುತ್ತಿದ್ದರು. ಈಗ ಕಾರ್ಟನ್‌ನಲ್ಲಿ ಬರುವುದಕ್ಕೂ ಕಡೆಗೋಲಿಗೂ ಸಂಬಂಧವೇ ಇಲ್ಲ. ಕೊಬ್ಬು ತೆಗೆದ ಹಾಲಿಗೆ ಹೆಪ್ಪು ಹಾಕಿ ಹುಳಿ ಬರಿಸುತ್ತಾರೆ, ಅಷ್ಟೇ. ನಾನು ತಂದದ್ದರಲ್ಲಿ ಕೊಬ್ಬು 1 ಪರ್ಸೆಂಟ್. ಹೆಸರಿನಲ್ಲಿ ಬೆಣ್ಣೆ ಇದೆ, ಒಳಗೆ ಇಲ್ಲ. ಆದರೆ ಬೆಣ್ಣೆಯ ವಾಸನೆ ಮಾತ್ರ ಘಮ್ ಅಂತ ಬರುತ್ತದೆ. ಅದು ಆ ಹೆಪ್ಪಿನ ಕೆಲಸ. ಅದರಲ್ಲಿರುವ ಕೆಲವು ಜೀವಾಣುಗಳು ಡೈಅಸಿಟೈಲ್ ಅನ್ನುವ ವಸ್ತು ಮಾಡುತ್ತವೆ, ಬೆಣ್ಣೆಗೆ ಬೆಣ್ಣೆಯ ವಾಸನೆ ಕೊಡುವುದೂ ಅದೇ. ಈ ವಾಸನೆಯ ಮಾತಿಗೆ ಮತ್ತೆ ಬರುತ್ತೇನೆ, ನಾನು ಐದಕ್ಕೆ ನಾಲ್ಕೂವರೆ ಕೊಟ್ಟದ್ದು ಮುಖ್ಯವಾಗಿ ಅದಕ್ಕೇ.

ಎರಡು ಕಾರ್ಟನ್ ಫ್ರಿಜ್ಜಿನಲ್ಲಿ ಕೂತವು. ಚೆಲ್ಲುವ ಜಾಯಮಾನ ನನ್ನದಲ್ಲ.

ಈಗ ಮೊಮ್ಮಗಳ ವಿಷಯ. ಏಳು ವರ್ಷ. ಮನೆಯಲ್ಲಿ ಪುಟ್ಟಿ ಅಂತ ಕರೆಯುತ್ತೇವೆ. ತಮ್ಮ ಹುಟ್ಟುವ ಮೊದಲು ಪ್ರತಿ ಭಾನುವಾರ ಅಪ್ಪ ಅವಳನ್ನು ಡೈನರಿಗೆ ಕರೆದುಕೊಂಡು ಹೋಗುತ್ತಿದ್ದರು. ರೈಲು ಡಬ್ಬಿಯಂಥ ಸಣ್ಣ ಹೋಟೆಲು, ಉದ್ದಕ್ಕೆ ಒಂದು ಕಟ್ಟೆ, ತಿರುಗುವ ಸ್ಟೂಲು. ಅಂಥ ಡೈನರ್‌ಗಳನ್ನು ಕಾರ್ಖಾನೆಯಲ್ಲೇ ಪೂರ್ತಿ ಕಟ್ಟಿ ಊರೂರಿಗೆ ಕಳಿಸುತ್ತಿದ್ದ ಕಂಪನಿಯೊಂದು ವುಸ್ಟರಿನಲ್ಲೇ ಇತ್ತಂತೆ, 1906ರಲ್ಲಿ ಶುರುವಾದದ್ದು. ಡಿಸೆಂಬರಿನಲ್ಲಿ ಮಗು ಬಂತು. ಜೊತೆಗೆ ಹಿಮವೂ ಬಂತು. ಅಪ್ಪನಿಗೆ ನಿದ್ದೆ ಇಲ್ಲ, ಅಮ್ಮ ಬಾಣಂತಿ ಕೋಣೆ ಬಿಡುವುದಿಲ್ಲ. ಭಾನುವಾರದ ಡೈನರ್ ನಿಂತುಹೋಯಿತು. ಪುಟ್ಟಿ ನನ್ನ ಸೆರಗು ಹಿಡಿದು ನಿಂತಳು. "ಅಮ್ಮಮ್ಮ, ನಿಂಗೆ ಪ್ಯಾನ್‌ಕೇಕ್ ಬರ್ತದಾ?"

ದೋಸೆ ಬರುವವಳಿಗೆ ಪ್ಯಾನ್‌ಕೇಕ್ ಬಾರದೇ ಇರುತ್ತದಾ ಅಂತ ನಾನಂದೆ. ಆ ಅಹಂಕಾರ ಇಳಿಯಲು ಸುಮಾರು ಮೂರು ವಾರ ಬೇಕಾಯಿತು.

ಮೊದಲು ಅಡ್ಡದಾರಿ ಹಿಡಿದೆ. ಅಂಗಡಿಯ ಡಬ್ಬಿ ಹಿಟ್ಟು, ನೀರು ಮಾತ್ರ ಸೇರಿಸಿ ಅಂತ ಬರೆದದ್ದು. ಇಂಥ ಸಿದ್ಧ ಹಿಟ್ಟು ಅಮೆರಿಕದಲ್ಲಿ ಇವತ್ತಿನ ಸೋಮಾರಿತನವೂ ಅಲ್ಲ. 1889ರಲ್ಲೇ ಮಿಸ್ಸೌರಿಯ ಸೇಂಟ್ ಜೋಸೆಫ್ ಊರಿನ ಗಿರಣಿಯವರು ಪ್ಯಾನ್‌ಕೇಕ್ ಹಿಟ್ಟು ಬೆರೆಸಿ ಮಾರಿದ್ದರು. ನಾನು ತಂದ ಡಬ್ಬಿಯದು ಎದ್ದಿತು, ಉಬ್ಬಿತು, ಬಣ್ಣವೂ ಬಂತು. ಬಾಯಿಗೆ ಹಾಕಿದರೆ ಸಿಹಿ ಹತ್ತಿ. ಪುಟ್ಟಿ ಅರ್ಧ ತಿಂದು ಬದಿಗೆ ಸರಿಸಿದಳು. ಫ್ರಿಜ್ ತೆಗೆದರೆ ಕಾರ್ಟನ್ ಎರಡೂ ನನ್ನನ್ನೇ ನೋಡುತ್ತಿದ್ದವು. ಒಂದರ ಬೆನ್ನಿಗೆ ಪ್ಯಾನ್‌ಕೇಕ್ ಮಾಡುವ ವಿಧಾನ ಅಚ್ಚಾಗಿತ್ತು. ಓಹೋ, ಇದು ಕುಡಿಯುವುದಕ್ಕಲ್ಲ, ಇದಕ್ಕೆ ಅಂತ ಆಗ ಹೊಳೆಯಿತು.

ಮೊದಲ ಪ್ರಯತ್ನದ ಕಥೆ ಹೇಳಲು ನಾಚಿಕೆ. ಅಲ್ಲಿ ಅಳತೆ ಚಮಚಗಳು ಉಂಗುರಕ್ಕೆ ಪೋಣಿಸಿ ಬರುತ್ತವೆ. ಇಂಗ್ಲಿಷಿನ ದೊಡ್ಡ ಟಿ ಅಕ್ಷರ ಅಂದರೆ ದೊಡ್ಡ ಚಮಚ, 15 ಮಿಲಿ. ಸಣ್ಣ ಟಿ ಅಂದರೆ ಚಹಾ ಚಮಚ, 5 ಮಿಲಿ. ನಾನು ಅಡಿಗೆ ಸೋಡಾವನ್ನು ದೊಡ್ಡದರಲ್ಲಿ ಅರ್ಧ ಅಳೆದೆ. ಅಂದರೆ ಮೂರು ಪಟ್ಟು. ಹಿಟ್ಟು ಪಾತ್ರೆಯಲ್ಲೇ ಬುಸ್ ಅಂತ ಏರಿತು. ಆಹಾ, ಎಷ್ಟು ಚೆಂದ ಹುದುಗಿತು ಅಂತ ಬೀಗಿದೆ. ಕಾವಲಿಗೆ ಹಾಕಿದ ಒಂದೇ ನಿಮಿಷಕ್ಕೆ ಕಂದು ಬಣ್ಣ, ಒಳಗೆ ಹಸಿ. ಪುಟ್ಟಿ ಬ್ಲೂಬೆರಿ ಉದುರಿಸಿದ್ದಳು, ಹಣ್ಣಿನ ಸುತ್ತ ಹಿಟ್ಟು ಹಸಿರಾಗಿತ್ತು. ಒಂದು ತುಂಡು ತಿಂದು ಹೇಳಿದಳು, "ಅಮ್ಮಮ್ಮ, ಸೋಪು."

ಆ ಹಸಿರು ನೋಡಿ ತಲೆ ಚಚ್ಚಿಕೊಂಡೆ. ದಾಸವಾಳದ ರಸಕ್ಕೆ ಸೋಡಾ ಹಾಕಿದರೆ ಹಸಿರಾಗುವುದನ್ನು ವರ್ಷ ವರ್ಷ ಮಕ್ಕಳಿಗೆ ತೋರಿಸಿದವಳು ನಾನೇ. ಪ್ರತ್ಯಾಮ್ಲ ಹೆಚ್ಚಾಯಿತು ಅಂತ ಹಣ್ಣು ಕೂಗಿ ಹೇಳುತ್ತಿತ್ತು. ಬೇಗ ಕಂದಾಗಿದ್ದೂ ಅದಕ್ಕೇ. ಬಟರ್‌ಮಿಲ್ಕಿನ ಹುಳಿಗೂ ಸೋಡಾಕ್ಕೂ ಲೆಕ್ಕ ಸರಿಹೋಗಬೇಕು. ಹುಳಿ ಮತ್ತು ಸೋಡಾ ಸೇರಿದರೆ ಇಂಗಾಲದ ಡೈಆಕ್ಸೈಡ್ ಗುಳ್ಳೆ ಬರುತ್ತದೆ, ಹಿಟ್ಟು ಏಳುತ್ತದೆ. ಹುಳಿ ಮುಗಿದ ಮೇಲೂ ಸೋಡಾ ಉಳಿದರೆ ಸೋಪಿನ ರುಚಿ. ಒಂದು ಕಪ್ ಬಟರ್‌ಮಿಲ್ಕಿಗೆ ಸಣ್ಣ ಟಿ ಚಮಚದಲ್ಲಿ ಅರ್ಧ ಸೋಡಾ ಸಾಕು. ಅದಕ್ಕಿಂತ ಸ್ವಲ್ಪ ಕಮ್ಮಿಯಾದರೆ ನನಗೆ ಇನ್ನೂ ಇಷ್ಟ. ಚೂರು ಹುಳಿ ಉಳಿಯುತ್ತದೆ.

ಎರಡನೇ ಸಲ ಅಳತೆ ಸರಿ ಇತ್ತು, ಕೈ ಸರಿ ಇರಲಿಲ್ಲ. ಹಿಟ್ಟಿನಲ್ಲಿ ಗಂಟು ಕಂಡರೆ ನನಗೆ ಆಗುವುದಿಲ್ಲ. ಹಾಗಾಗಿ ಚೆನ್ನಾಗಿ ಗೊಟಾಯಿಸಿದೆ, ನಯವಾಗುವ ತನಕ. ಪ್ಯಾನ್‌ಕೇಕ್ ಹವಾಯಿ ಚಪ್ಪಲಿಯ ಅಟ್ಟೆಯ ಹಾಗೆ ಬಂತು. ಅಕ್ಕಿ ಉದ್ದಿನ ಹಿಟ್ಟನ್ನು ಎಷ್ಟು ತಿರುವಿದರೂ ತೊಂದರೆ ಇಲ್ಲ, ಅದರಲ್ಲಿ ಗ್ಲೂಟನ್ ಅನ್ನುವ ಜಿಗುಟು ಇಲ್ಲ. ಇದು ಗೋಧಿ. ನಾದಿದಷ್ಟೂ, ಕಲಸಿದಷ್ಟೂ ಎಳೆ ಬಿಡುತ್ತದೆ. ಹೋಳಿಗೆಯ ಕಣಕವನ್ನು ನಾವು ಗಂಟೆಗಟ್ಟಲೆ ನಾದಿ, ಎಣ್ಣೆಯಲ್ಲಿ ನೆನೆಸಿ ಇಡುತ್ತೇವಲ್ಲ, ಎಳೆದರೆ ಹರಿಯಬಾರದು ಅಂತ. ಕಣಕಕ್ಕೆ ಬೇಕಾದ ಆ ಗುಣವೇ ಪ್ಯಾನ್‌ಕೇಕಿಗೆ ಶತ್ರು. ಒಣ ಹಿಟ್ಟು ಕಾಣದಾದ ಕೂಡಲೇ ಕೈ ನಿಲ್ಲಿಸಬೇಕು. ಗಂಟು ಇದ್ದರೆ ಇರಲಿ. ಈ ಒಂದು ಮಾತನ್ನು ಒಪ್ಪಿಕೊಳ್ಳಲು ನನಗಾದಷ್ಟು ಕಷ್ಟ ಹಿಮದಲ್ಲಿ ನಡೆಯುವುದಕ್ಕೂ ಆಗಲಿಲ್ಲ. ಕಣ್ಣು ಬೇರೆ ಕಡೆ ತಿರುಗಿಸಿಕೊಂಡು ಪಾತ್ರೆ ಮುಚ್ಚಿಡುತ್ತಿದ್ದೆ. ಹತ್ತು ನಿಮಿಷ ಬಿಟ್ಟು ತೆರೆದರೆ ಅರ್ಧಕ್ಕರ್ಧ ಗಂಟು ತಾನೇ ಕರಗಿರುತ್ತದೆ.

ಮೂರನೇ ತಪ್ಪೂ ದೋಸೆ ಬುದ್ಧಿಯದೇ. ಉಳಿದ ಹಿಟ್ಟನ್ನು ಮರುದಿನಕ್ಕೆ ಎತ್ತಿಟ್ಟೆ. ನಮ್ಮ ದೋಸೆ ಹಿಟ್ಟು ಎರಡನೇ ದಿನ ಇನ್ನೂ ರುಚಿ. ಇದು ಎರಡನೇ ದಿನ ಸತ್ತ ಹಿಟ್ಟು. ಗಾಳಿ ಎಲ್ಲ ಹೋಗಿ ಚಪ್ಪಟೆ. ದೋಸೆಯಲ್ಲಿ ಜೀವಾಣುಗಳು ರಾತ್ರಿಯಿಡೀ ಕೆಲಸ ಮಾಡುತ್ತವೆ. ಇಲ್ಲಿ ಕಾರ್ಟನ್‌ನೊಳಗೆ ಅವು ಮೊದಲೇ ಕೆಲಸ ಮುಗಿಸಿ ಹುಳಿ ಕೊಟ್ಟಿವೆ, ಮುಂದಿನದು ಸೋಡಾದ ಹತ್ತಿಪ್ಪತ್ತು ನಿಮಿಷದ ಆಟ. ಅದಕ್ಕೇ ಜೊತೆಗೆ ಬೇಕಿಂಗ್ ಪೌಡರನ್ನೂ ಹಾಕುತ್ತಾರೆ. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ಪೌಡರ್ ಎರಡು ಸಲ ಕೆಲಸ ಮಾಡುತ್ತದೆ. ಒದ್ದೆಯಾದಾಗ ಒಮ್ಮೆ, ಕಾವಲಿಯ ಬಿಸಿ ತಾಗಿದಾಗ ಇನ್ನೊಮ್ಮೆ.

ಮಗಳ ಮನೆಯಲ್ಲಿದ್ದದ್ದು ರಮ್‌ಫರ್ಡ್ ಬೇಕಿಂಗ್ ಪೌಡರ್. ಅದರ ಮೂಲ ಅಲ್ಲೇ ಪಕ್ಕದ ರೋಡ್ ಐಲೆಂಡ್ ರಾಜ್ಯದ ಪ್ರಾವಿಡೆನ್ಸ್. ಹಾರ್ವರ್ಡಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ ಎಬೆನ್ ಹಾರ್ಸ್‌ಫರ್ಡ್ ಅನ್ನುವವರು ಹುಳಿಗೆ ಬದಲಾಗಿ ಕ್ಯಾಲ್ಸಿಯಂ ಫಾಸ್ಫೇಟ್ ಪುಡಿ ಕಂಡುಹಿಡಿದು 1856ರಲ್ಲಿ ಪೇಟೆಂಟ್ ಪಡೆದಿದ್ದರು. ಅಳಿಯಂದಿರು ಇದನ್ನು ಹೇಳಿದಾಗ ಆ ಡಬ್ಬಿಯ ಮೇಲೆ ನನಗೆ ಗೌರವ ಬಂತು. ಒಬ್ಬ ಮೇಷ್ಟ್ರು ಮಾಡಿದ್ದು ಅಂತ.

ಈಗ ಮೊಟ್ಟೆ. ನಮ್ಮ ಮನೆಯಲ್ಲಿ ಮೊಟ್ಟೆ ಇಲ್ಲ. ನಾನು ತಿಂದಿಲ್ಲ, ಮುಟ್ಟಿಲ್ಲ. ಮಗಳ ಮನೆಯಲ್ಲಿ ಪುಟ್ಟಿ ತಿನ್ನುತ್ತಾಳೆ, ಅದು ಅವರ ವಿಷಯ. ಕಾರ್ಟನ್ ಮೇಲಿನ ವಿಧಾನದಲ್ಲಿ ಮೊಟ್ಟೆ ಇತ್ತು. ನಾನು ಅದನ್ನು ಬಿಟ್ಟೇ ಮಾಡಿದೆ. ನಿಜ ಹೇಳುತ್ತೇನೆ, ಮೊಟ್ಟೆ ಇಲ್ಲದ್ದು ಚೆನ್ನಾಗಿಯೇ ಬರುತ್ತದೆ, ಆದರೆ ಒಂದೇ ಅಲ್ಲ. ಒಂದು ಶನಿವಾರ ಅಳಿಯಂದಿರು ಇನ್ನೊಂದು ಪಾತ್ರೆಯಲ್ಲಿ ಮೊಟ್ಟೆ ಒಡೆದು ಹಾಕಿ ಕಲಸಿದರು. ನಾನು ನನ್ನದನ್ನು. ಎರಡನ್ನೂ ಬೇರೆ ಬೇರೆ ತಟ್ಟೆಯಲ್ಲಿಟ್ಟು ಪುಟ್ಟಿಗೆ ಕೊಟ್ಟೆವು. ಮೊಟ್ಟೆಯದು ಎತ್ತರ, ಬೆರಳಲ್ಲಿ ಒತ್ತಿದರೆ ಸ್ಪಂಜಿನ ಹಾಗೆ ಮೇಲೇಳುತ್ತದೆ. ನನ್ನದು ಮೃದು, ಅಂಚು ಗರಿ, ಮಗುಚುವಾಗ ಹುಷಾರಾಗಿರದಿದ್ದರೆ ಮುರಿಯುತ್ತದೆ. ಅದಕ್ಕೇ ಸಣ್ಣದಾಗಿ ಹಾಕಬೇಕು, ಅಂಗೈಯಷ್ಟು. ಪುಟ್ಟಿ ಅಪ್ಪನ ಕಡೆಗೆ ತೀರ್ಪು ಕೊಟ್ಟಳು. ತಿಂದದ್ದು ಮಾತ್ರ ನನ್ನದನ್ನೂ ಮುಗಿಸಿದಳು. ಅಂಚಿನ ಗರಿ ಮೊದಲು ಹರಿದು ತಿನ್ನುತ್ತಾಳೆ, ಅವಳ ಅಮ್ಮ ನಮ್ಮ ತೆಳು ದೋಸೆ, ತೆಳ್ಳೇವು, ತಿನ್ನುತ್ತಿದ್ದ ಹಾಗೇ.

ನನ್ನ ಅಳತೆ ಇಷ್ಟು. ಒಂದು ಕಪ್ ಮೈದಾ, ಅವರ ಆಲ್ ಪರ್ಪಸ್ ಹಿಟ್ಟು, ತೂಗಿದರೆ 120 ಗ್ರಾಂ. ಒಂದು ದೊಡ್ಡ ಚಮಚ ಸಕ್ಕರೆ. ಸಣ್ಣ ಚಮಚದಲ್ಲಿ ಒಂದು ಬೇಕಿಂಗ್ ಪೌಡರ್, ಅರ್ಧಕ್ಕೆ ಚೂರು ಕಮ್ಮಿ ಸೋಡಾ, ಚಿಟಿಕೆ ಉಪ್ಪು. ಕಾರ್ಟನ್‌ನಲ್ಲೇ ಉಪ್ಪಿದೆ, ಮರೆಯಬೇಡಿ. ಇದನ್ನೆಲ್ಲ ಒಣಗಿದ್ದಾಗಲೇ ಬೆರೆಸಿ. ಇನ್ನೊಂದು ಪಾತ್ರೆಯಲ್ಲಿ ಒಂದು ಕಪ್ ಬಟರ್‌ಮಿಲ್ಕ್, ಎರಡು ದೊಡ್ಡ ಚಮಚ ಹಾಲು, ಎರಡು ದೊಡ್ಡ ಚಮಚ ಕರಗಿಸಿದ ಬೆಣ್ಣೆ. ಬಟರ್‌ಮಿಲ್ಕ್ ಫ್ರಿಜ್ಜಿನಿಂದ ಮೊದಲೇ ತೆಗೆದಿಡಿ. ತಣ್ಣಗಿದ್ದರೆ ಬೆಣ್ಣೆ ಗಟ್ಟಿಯಾಗಿ ತೇಲುತ್ತದೆ. ಎರಡನ್ನೂ ಸೇರಿಸಿ ಹತ್ತು ಹನ್ನೆರಡು ಸುತ್ತು ತಿರುವಿ ಬಿಟ್ಟುಬಿಡಿ. ಇಡ್ಲಿ ಹಿಟ್ಟಿಗಿಂತ ಸ್ವಲ್ಪ ದಪ್ಪ ಇರಬೇಕು. ಆರು ಪ್ಯಾನ್‌ಕೇಕ್ ಬರುತ್ತವೆ. ಮೊಟ್ಟೆ ಹಾಕುವವರು ಒಂದು ಹಾಕಿ, ಆಗ ಹಾಲು ಬೇಡ.

ಕಾವಲಿ ಅಳಿಯಂದಿರದು, ಲಾಡ್ಜ್ ಕಂಪನಿಯ ಎರಕದ ಕಬ್ಬಿಣ. ಟೆನೆಸಿಯ ಸೌತ್ ಪಿಟ್ಸ್‌ಬರ್ಗ್ ಅನ್ನುವ ಊರಲ್ಲಿ 1896ರಿಂದ ಮಾಡುತ್ತಿದ್ದಾರಂತೆ. ನಮ್ಮ ಮನೆ ದೋಸೆ ಕಾವಲಿಯ ತಂಗಿಯ ಹಾಗಿದೆ. ಸಾಬೂನು ಹಾಕಿ ಉಜ್ಜಬೇಡಿ, ಒರೆಸಿ ಎಣ್ಣೆ ಸವರಿಡಿ ಅಂತ ಅವರು ನನಗೆ ಹೇಳಲು ಬಂದರು. ನಾನು ನಕ್ಕೆ.

ಬಿಸಿಯ ಹದ ಬೇರೆ. ದೋಸೆಗೆ ಕಾಯುವಷ್ಟು ಕಾದರೆ ಇದರ ಸಕ್ಕರೆ ಕರಿದಾಗುತ್ತದೆ, ಒಳಗೆ ಬೇಯುವುದಿಲ್ಲ. ಗಾಜಿನ ಒಲೆಯಲ್ಲಿ ನಾಲ್ಕೈದು ನಿಮಿಷ ನಡುಮಟ್ಟದಲ್ಲಿ ಕಾಯಿಸಿ. ನೀರು ಚಿಮುಕಿಸಿದರೆ ಹನಿ ಕುಣಿಯಬೇಕು. ತಕ್ಷಣ ಚುರ್ ಅಂದು ಮಾಯವಾಗಬಾರದು, ಕೂತಲ್ಲೇ ಕುದಿಯಲೂ ಬಾರದು. ಕಾಲು ಕಪ್ ಹಿಟ್ಟು ಸುರಿದು ಬಿಡಿ. ಸೌಟಿನಿಂದ ಹರಡಬೇಡಿ. ನನ್ನ ಕೈ ಎಷ್ಟು ಸಲ ತಾನಾಗಿ ಸುತ್ತು ತಿರುಗಿತೋ! ಮೇಲೆ ಗುಳ್ಳೆ ಬಂದು ಒಡೆದು, ತೂತು ಮುಚ್ಚದೆ ಹಾಗೇ ಉಳಿದಾಗ, ಅಂಚಿನ ಹೊಳಪು ಹೋದಾಗ ಮಗುಚಿ. ಒಂದೇ ಸಲ. ಮಗುಚಿದ ಮೇಲೆ ಸಟ್ಟುಗದಿಂದ ಒತ್ತಬೇಡಿ. ರೊಟ್ಟಿ ಒತ್ತಿದರೆ ಉಬ್ಬುತ್ತದೆ, ಇದು ಒತ್ತಿದರೆ ಉಸಿರು ಬಿಡುತ್ತದೆ.

ಕಾರ್ಟನ್ ಇಲ್ಲದೆ ಆಗುವುದಿಲ್ಲವಾ ಅಂತ ಕೇಳುತ್ತೀರಿ. ನಾನೂ ಕೇಳಿಕೊಂಡೆ. ಕಾರ್ಟನ್ ಖಾಲಿಯಾದ ಒಂದು ಹಿಮದ ದಿನ ಹಾಲಿಗೆ ನಿಂಬೆಹುಳಿ ಹಿಂಡಿ ಮಾಡಿದೆ, ಕಪ್ಪಿಗೆ ಒಂದು ದೊಡ್ಡ ಚಮಚ. ಎಲ್ಲರೂ ಹೇಳುವ ಉಪಾಯ ಇದು. ಏಳುತ್ತದೆ, ಸರಿ. ಆದರೆ ತೆಳ್ಳಗೆ ಹರಡಿ ರುಚಿ ಸಪ್ಪೆ. ಇನ್ನೊಂದು ದಿನ ಮನೆಯ ಮೊಸರು, ಮೂರು ದಿನ ಹಳೆಯದು, ಮುಕ್ಕಾಲು ಕಪ್ಪಿಗೆ ಕಾಲು ಕಪ್ ನೀರು ಹಾಕಿ ಕಡೆದು ಮಾಡಿದೆ. ಇದು ಬಹಳ ಚೆನ್ನಾಗಿ ಬಂತು. ಎತ್ತರದಲ್ಲಿ, ಮೃದುವಿನಲ್ಲಿ ಕಾರ್ಟನ್ನಿಗೆ ಸರಿಸಮ. ಸೋತದ್ದು ವಾಸನೆಯಲ್ಲಿ ಮಾತ್ರ. ಮೊಸರಿನದು ಹುಳಿ ಹುಳಿ. ಕಾರ್ಟನ್ನಿನದು ಬೇಯುವಾಗ ಆಗಷ್ಟೇ ಕಾಯಿಸಿದ ಬೆಣ್ಣೆಯ ಹಾಗೆ ಮನೆಯೆಲ್ಲ ಪರಿಮಳ. ಬಾಣಂತಿ ಕೋಣೆಯಿಂದ ಮಗಳು "ಆಯಿ, ನನಗೂ ಒಂದು" ಅಂದದ್ದು ಆ ವಾಸನೆಗೆ. ಕೊಡಲಿಲ್ಲ. ಪಥ್ಯ. ಆಮೇಲೆ ರಾತ್ರಿ ಅಡಿಗೆಮನೆಯಲ್ಲಿ ತಟ್ಟೆ ಸದ್ದು ಕೇಳಿತು, ನಾನು ಕೇಳದವಳ ಹಾಗೆ ಮಲಗಿದೆ.

ಅರ್ಧ ಅಂಕ ಕಳೆದದ್ದು ಅಳತೆಗೆ. ಒಂದು ಸಲಕ್ಕೆ ಬೇಕಾದ್ದು ಒಂದು ಕಪ್, ಕಾರ್ಟನ್ನಿನಲ್ಲಿ ನಾಲ್ಕು. ಇಬ್ಬರೇ ಇರುವ ಮನೆಯಾದರೆ ಉಳಿದೇ ಉಳಿಯುತ್ತದೆ. ಫ್ರಿಜ್ಜಿನಲ್ಲಿ ಬೇಗ ಕೆಡುವುದಿಲ್ಲ, ಬರೀ ಮೇಲೆ ನೀರು, ಕೆಳಗೆ ಗಟ್ಟಿ ಆಗುತ್ತದೆ. ಅಲುಗಿಸಿದರೆ ಸರಿ. ಉಳಿದದ್ದಕ್ಕೆ ನಾನು ದಾರಿ ಹುಡುಕಿದೆ. ಮಜ್ಜಿಗೆಹುಳಿಗೆ ಹಾಕಿದರೆ ಸೊಗಸು, ಮಂದ ಬರುತ್ತದೆ, ಉಪ್ಪು ಕಮ್ಮಿ ಮಾಡಿ. ತಂಬುಳಿಗೆ ಬೇಡವೇ ಬೇಡ, ಆ ಬೆಣ್ಣೆ ವಾಸನೆ ಒಂದೆಲಗದ ಜೊತೆ ಜಗಳಕ್ಕೆ ನಿಲ್ಲುತ್ತದೆ. ಹೆಪ್ಪಿಗೆ ಬಳಸಿಯೂ ನೋಡಿದೆ. ಬೆಚ್ಚಗಿನ ಹಾಲಿಗೆ ಹಾಕಿ ರಾತ್ರಿ ಇಟ್ಟೆ. ಬೆಳಿಗ್ಗೆ ಹೆಪ್ಪಾಗಿತ್ತು, ಆದರೆ ಮೊಸರಲ್ಲ. ಲೋಳೆ ಲೋಳೆ, ಹುಳಿಯೂ ಕಮ್ಮಿ. ಇನ್ನೊಂದು ಬಟರ್‌ಮಿಲ್ಕ್ ಆಗಿತ್ತು ಅಷ್ಟೇ. ಹಾಗಾದರೆ ಇಷ್ಟೊಂದು ಕಾರ್ಟನ್ ಯಾಕೆ ತಂದೆ ಅಂತ ಮಗಳು ಕೇಳಿದಳು. ಒಳ್ಳೆ ಪ್ರಶ್ನೆ. ಆ ಹೊತ್ತಿಗೆ ಫೆಬ್ರವರಿ ಆಗಿತ್ತು.

ಮಾರ್ಚಿನಲ್ಲಿ ಅಳಿಯಂದಿರು ಪುಟ್ಟಿಯನ್ನೂ ನನ್ನನ್ನೂ ಪಶ್ಚಿಮದ ಗುಡ್ಡದ ಕಡೆ ಕರೆದುಕೊಂಡು ಹೋದರು, ಪ್ಯಾನ್‌ಕೇಕ್ ಮೇಲೆ ಸುರಿದುಕೊಳ್ಳುವ ಮೇಪಲ್ ಮರದ ಪಾಕ, ಮೇಪಲ್ ಸಿರಪ್, ಮಾಡುವಲ್ಲಿಗೆ. ಕಾರಿನಿಂದ ಇಳಿಯುವ ಮೊದಲೇ ನನಗೆ ಗೊತ್ತಾಯಿತು, ಇದು ಆಲೆಮನೆ. ಮರದ ಗುಡಿಸಲು, ಮಾಡಿನ ಕಿಂಡಿಯಿಂದ ಬುಸುಬುಸು ಆವಿ, ಕೆಳಗೆ ಕಟ್ಟಿಗೆಯ ಬೆಂಕಿ, ಸಿಹಿ ವಾಸನೆ. ಕೊಪ್ಪರಿಗೆಯ ಬದಲು ಉದ್ದನೆಯ ಚಪ್ಪಟೆ ಬಾಣಲೆ. ರಾತ್ರಿ ನೀರು ಹೆಪ್ಪುಗಟ್ಟುವ ಚಳಿ, ಹಗಲು ಅದು ಕರಗುವ ಬಿಸಿಲು ಇದ್ದಾಗ ಮಾತ್ರ ಮರದ ರಸ ಇಳಿಯುತ್ತದಂತೆ. ಆ ರಸವನ್ನು ಲೋಟದಲ್ಲಿ ಕೊಟ್ಟರು. ಕಬ್ಬಿನಹಾಲು ಕುಡಿದ ನಾಲಿಗೆಗೆ ಅದು ಬರೀ ನೀರು, ಕೊನೆಯಲ್ಲಿ ಎಲ್ಲೋ ಒಂದು ಎಳೆ ಸಿಹಿ. ಸುಮಾರು 40 ಲೀಟರ್ ಕಾಯಿಸಿದರೆ 1 ಲೀಟರ್ ಸಿರಪ್. ಹಾಗಾಗಿ ಬೆಲೆಯ ಬಗ್ಗೆ ಗೊಣಗುವುದನ್ನು ಅಲ್ಲಿಗೆ ಬಿಟ್ಟೆ.

ಅಲ್ಲೇ ಪಕ್ಕದಲ್ಲಿ ಉದ್ದ ಬೆಂಚು ಹಾಕಿ ಪ್ಯಾನ್‌ಕೇಕ್ ಬಡಿಸುತ್ತಿದ್ದರು. ಮೊಟ್ಟೆ ಇದೆಯೆಂದು ನಾನು ತಿನ್ನಲಿಲ್ಲ. ನೋಡಿದೆ. ಅವರ ಹಿಟ್ಟಿನ ಪಾತ್ರೆಯಲ್ಲೂ ಗಂಟುಗಳಿದ್ದವು. ಮನಸ್ಸಿಗೆ ದೊಡ್ಡ ಸಮಾಧಾನ ಆಯಿತು. ಪುಟ್ಟಿ ಎರಡು ತಿಂದು, ಸಿರಪ್ ನೆಕ್ಕಿ, "ಅಮ್ಮಮ್ಮಂದು ಅಂಚು ಇದಕ್ಕಿಂತ ಚೆನ್ನಾಗಿರ್ತದೆ" ಅಂದಳು. ಡೈನರಿನದಕ್ಕಿಂತ ಚೆನ್ನಾ ಅಂತ ನಾನು ಕೇಳಲಿಲ್ಲ. ಸಿಕ್ಕಿದ್ದನ್ನು ಯಾಕೆ ಕಳೆದುಕೊಳ್ಳಬೇಕು?

ಸಿರಪ್ ಕೊಳ್ಳುವಾಗ ಬಾಟಲಿಯ ಮೇಲೆ ಬಣ್ಣ ನೋಡಿ. ಗೋಲ್ಡನ್, ಆಂಬರ್, ಡಾರ್ಕ್, ವೆರಿ ಡಾರ್ಕ್ ಅಂತ ನಾಲ್ಕು ಬಗೆ. ತಿಳಿ ಬಣ್ಣದ್ದೇ ಶ್ರೇಷ್ಠ ಅಂದುಕೊಳ್ಳಬೇಡಿ. ನಮ್ಮ ಜೋನಿಬೆಲ್ಲದ ನಾಲಿಗೆಗೆ ಡಾರ್ಕ್ ಹಿಡಿಸುತ್ತದೆ. ಅಂಗಡಿಯಲ್ಲಿ ಅಗ್ಗಕ್ಕೆ ಪ್ಯಾನ್‌ಕೇಕ್ ಸಿರಪ್ ಅಂತ ಸಿಗುವುದು ಬೇರೆ, ಅದು ಹೆಚ್ಚಾಗಿ ಜೋಳದ ಪಾಕಕ್ಕೆ ಬಣ್ಣ ವಾಸನೆ ಸೇರಿಸಿದ್ದು. ಒಂದು ಭಾನುವಾರ ನಾನು ತಂದ ಜೋನಿಬೆಲ್ಲವನ್ನೇ ತುಪ್ಪದ ಜೊತೆ ಸುರಿದುಕೊಟ್ಟೆ. ಬಟರ್‌ಮಿಲ್ಕಿನ ಹುಳಿಗೆ ಬೆಲ್ಲದ ಆ ಸಣ್ಣ ಉಪ್ಪು ಬಹಳ ಹೊಂದುತ್ತದೆ. ನನ್ನ ಕೇಳಿದರೆ ಮೇಪಲ್‌ಗಿಂತ ಒಂದು ಕೈ ಮೇಲು. ಪುಟ್ಟಿ ಒಪ್ಪಲಿಲ್ಲ, ಅಳಿಯಂದಿರು ಬಾಟಲಿ ಖಾಲಿ ಮಾಡಿದರು.

ಮೇ ಮೊದಲ ವಾರ ವಾಪಸು ಬಂದೆ. ಅಳತೆ ಚಮಚದ ಗೊಂಚಲು ಸೂಟ್‌ಕೇಸಿನಲ್ಲಿತ್ತು. ದೊಡ್ಡ ಟಿ ಚಮಚಕ್ಕೆ ಕೆಂಪು ದಾರ ಕಟ್ಟಿದ್ದೇನೆ. ಇಲ್ಲಿ ಕಾರ್ಟನ್ ಇಲ್ಲ, ಮನೆಯ ಮಜ್ಜಿಗೆ ಇದೆ, ನಿಜವಾಗಿ ಕಡೆದದ್ದು. ಅದರಲ್ಲೇ ಮಾಡಿದರೆ ಹಿಟ್ಟು ನೀರಾಗುತ್ತದೆ. ಮೊಸರನ್ನೇ ಕಡೆದು, ಬೆಣ್ಣೆ ತೆಗೆಯದೆ, ನೀರು ಸ್ವಲ್ಪವೇ ಹಾಕಿ ಬಳಸುತ್ತೇನೆ. ಮೈದಾ ಕೆಲವು ಸಲ ಜಾಸ್ತಿ ಹೀರುತ್ತದೆ, ಆಗ ಎರಡು ಚಮಚ ಹಾಲು. ಆ ಬೆಣ್ಣೆ ಪರಿಮಳಕ್ಕೆ ಕಾವಲಿಗೆ ಎಣ್ಣೆಯ ಬದಲು ಆಗಷ್ಟೇ ತೆಗೆದ ಬೆಣ್ಣೆ ಸವರಿದೆ. ಮುಕ್ಕಾಲು ಪಾಲು ಸಿಕ್ಕಿತು.

ಮನೆಯವರಿಗೆ ಮೊದಲ ಸಲ ಮಾಡಿ ಬಡಿಸಿದಾಗ ತಿರುಗಿಸಿ ತಿರುಗಿಸಿ ನೋಡಿದರು. "ದೋಸೆ ಯಾಕೆ ಇಷ್ಟು ಸಣ್ಣ ಹಾಕಿದೆ, ಹಿಟ್ಟು ಕಮ್ಮಿಯಾಯ್ತಾ?" ಅಂತ ಕೇಳಿದರು. ನಾನು ಬೆಲ್ಲದ ಬಾಟಲಿ ಮುಂದೆ ಇಟ್ಟು ಒಳಗೆ ಹೋದೆ. ಹೊರಗೆ ಬಂದಾಗ ತಟ್ಟೆಯಲ್ಲಿ ಏನೂ ಇರಲಿಲ್ಲ. ಮಜ್ಜಿಗೆ ಕೇಳಿದರು, ಕುಡಿಯಲು.